ಸಿದ್ದುವಿನ ಹೊಟ್ಟೆಯ ಅಳತೆ

ಕೃಷ್ಣಪ್ಪನವರಿಗೆ ಆಟ ಎಂದರೆ ಕಬಡ್ಡಿ, ಹೆಚ್ಚೆಂದರೆ ಚೌಕಾಬಾರ. ಕಂಪ್ಯೂಟರಿನಲ್ಲಿ ಕಾರ್ಖಾನೆ ಕಟ್ಟುವುದೂ ಒಂದು ಆಟ ಎಂದು ಮೊಮ್ಮಗಳು ಕವನ ಹೇಳಿದಾಗ ನಕ್ಕುಬಿಟ್ಟರು. ಮೂವತ್ತೊಂದು ವರ್ಷ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸರಕು ಸಾಗಿಸುವ ಬೆಲ್ಟು ಕೂರಿಸಿದ ಮನುಷ್ಯ! ಅಲ್ಲಿ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಇಲ್ಲಿ ಮಕ್ಕಳು ಕೈಯಿಂದ ದುಡ್ಡು ಹಾಕಿ ಮಾಡುತ್ತಾರಂತೆ. ಕಾಲ ಕೆಟ್ಟಿತು ಎನ್ನಲು ಇನ್ನೇನು ಸಾಕ್ಷಿ ಬೇಕು?

"ನಗ್ಬೇಡಿ ತಾತ. ಎರಡು ಆಟ ಇದೆ. ಎರಡ್ರಲ್ಲೂ ನಾವೇ ಒಳಗೆ ನಡ್ಕೊಂಡು ಹೋಗಿ ಕಟ್ಟೋದು. ಕಟ್ಟೋಕೆ ಯಾವ್ದು ಚೆನ್ನಾಗಿದೆ ಅಂತ ವಿಡಿಯೋ ಮಾಡ್ತಿದೀನಿ. ನಿಜವಾದ ಫಿಟ್ಟರ್ ಏನಂತಾರೆ, ಅದು ಬೇಕು," ಎಂದಳು ಕವನ. ಡಿಪ್ಲೊಮಾ ಎರಡನೇ ವರ್ಷದ ಹುಡುಗಿ. ವಿದ್ಯಾನಗರದ ಆ ಮನೆಯಲ್ಲಿ ತಾತನನ್ನು ಕೆಲಸಕ್ಕೆ ಹಚ್ಚುವ ಧೈರ್ಯ ಅವಳೊಬ್ಬಳಿಗೇ ಇತ್ತು. ಎರಡು ವರ್ಷದಿಂದ ಅವರು ಸ್ಪ್ಯಾನರ್ ಮುಟ್ಟಿರಲಿಲ್ಲ. ನಲ್ಲಿ ಸೋರಿದರೂ ಹೊರಗಿನವರನ್ನೇ ಕರೆಸಬೇಕು. ಯಾಕೆಂದು ಕೇಳಿದರೆ ವಯಸ್ಸಾಯಿತು ಎನ್ನುತ್ತಿದ್ದರು.

ಮೊದಲನೆಯ ಆಟದಲ್ಲಿ ಎಲ್ಲವೂ ಸಲೀಸು. ನೆಲಕ್ಕೆ ಒಂದು ಚಪ್ಪಡಿ ಇಟ್ಟರೆ ಮುಂದಿನದು ತಾನೇ ಬಂದು ಅದರ ಅಂಚಿಗೆ ಕೂರುತ್ತಿತ್ತು. ಬೆಲ್ಟಿಗೆ ಈ ತುದಿ ಆ ತುದಿ ತೋರಿಸಿದರೆ ಆಯಿತು. ಎರಡು ಬೆಲ್ಟು ಒಂದರೊಳಗೊಂದು ತೂರಿ ಹೋದರೂ ಕೇಳುವವರಿಲ್ಲ. ತಪ್ಪಾಯಿತೋ, ಕಳಚಿದರೆ ಸಾಮಾನೆಲ್ಲ ಒಂದು ಬೋಲ್ಟೂ ಕಡಿಮೆಯಾಗದೆ ವಾಪಸ್.

"ಇದು ಕಾರ್ಖಾನೆಯಲ್ಲ ಕಣಮ್ಮ, ಮಾವನ ಮನೆ," ಎಂದರು ಕೃಷ್ಣಪ್ಪ.

ಎರಡನೆಯದರಲ್ಲಿ ಮೊದಲು ಮಣ್ಣು ಅಗೆದು ನೆಲ ಮಾಡಬೇಕು. ಬೆಲ್ಟನ್ನು ಒಂದೊಂದೇ ತುಂಡಾಗಿ ಜೋಡಿಸಬೇಕು. ಜಾಗವಿಲ್ಲದ ಕಡೆ ಯಂತ್ರ ಇಡಹೋದರೆ ಅದು ಕೆಂಪಗಾಗಿ ಒಲ್ಲೆ ಎನ್ನುತ್ತಿತ್ತು. ಕೃಷ್ಣಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಪಕ್ಕದಲ್ಲಿದ್ದ ಕಾಫಿ ಆರಿಹೋಯಿತು.

ಗೋಡೆಯುದ್ದಕ್ಕೂ ಬೆಲ್ಟು ಹಾಕಿ ಮುಗಿಸಿ, ಅಭ್ಯಾಸಬಲದಿಂದ ಅದರ ಪಕ್ಕದಲ್ಲಿ ನಡೆದು ನೋಡಲು ಹೋದರು. ಆಟದ ಮನುಷ್ಯ ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಂಡ. ಮುಂದೆ ಹೋಗಲಾರ, ಹಿಂದೆ ಬರಲಾರ.

"ಅಯ್ಯೋ, ಈ ಆಟದ್ದು ಇದೇ ತಲೆನೋವು ತಾತ," ಎಂದಳು ಕವನ. "ಮೊದಲ್ನೇದ್ರಲ್ಲಾದ್ರೆ ಬೆಲ್ಟ್ ಮೇಲೇ ಹತ್ತಿ ಹೋಗ್ಬಹುದಿತ್ತು."

ಕೃಷ್ಣಪ್ಪ ಮೌಸ್ ಬಿಟ್ಟರು.

"ತಲೆನೋವಲ್ಲ. ಈ ಆಟದೊಳಗೆ ಸಿದ್ದು ಇದಾನೆ."

ಸಿದ್ದು ಅವರ ಜೊತೆಯ ಫಿಟ್ಟರ್. ಕಾಗದನಗರದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವನು, ಗುಡಾಣದಂಥ ಹೊಟ್ಟೆಯವನು. ಹೊಸ ಬೆಲ್ಟು ಕೂರಿಸಿದಾಗಲೆಲ್ಲ, ಬೋಲ್ಟು ಬಿಗಿಯುವ ಮುಂಚೆ ಸಿದ್ದುವನ್ನು ಅದರ ಪಕ್ಕದಲ್ಲಿ ನಡೆಸುವುದು ಇವರ ಗ್ಯಾಂಗಿನ ಪದ್ಧತಿ. ಹೊಟ್ಟೆ ತಾಗದೆ ದಾಟಿದನೋ, ಪಾಸು. ತಾಗಿತೋ, ಒಂದು ಗೇಣು ಸರಿಸಬೇಕು. ಟೇಪು ಸುಳ್ಳು ಹೇಳೀತು, ಸಿದ್ದುವಿನ ಹೊಟ್ಟೆ ಹೇಳುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಕಾರ್ಖಾನೆ ನಿಂತ ಮೇಲೆ ಇಬ್ಬರೂ ಮಾಚೇನಹಳ್ಳಿಯ ಒಂದು ಸಣ್ಣ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದರು.

"ಎರಡು ವರ್ಷದ ಹಿಂದೆ ಒಂದಿನ ಅವ್ನು ಯಾರ್ದೋ ಗೃಹಪ್ರವೇಶಕ್ಕೆ ಹೋಗಿದ್ದ. ಯಜಮಾನ ಅವಸರ ಮಾಡ್ದ. ನಾನು ಟೇಪ್ ಹಿಡ್ದು, ಸಾಕು ಅಂತ ಬೋಲ್ಟ್ ಬಿಗ್ದೆ. ಸಿದ್ದೂನ ನಡೆಸಿ ನೋಡ್ಲಿಲ್ಲ. ಎಂಟೇ ದಿನ ಕವನ. ಬೆಲ್ಟಲ್ಲಿ ಏನೋ ಸಿಕ್ಕೊಂಡಿದೆ ಅಂತ ಅವ್ನೇ ಆ ಸಂದಿಗೆ ತೂರ್ದ. ಬಲಗೈದು ಎರಡು ಬೆರಳು ಹೋಯ್ತು."

"ನೀವು ನೋಡೋಕೆ ಹೋಗ್ಲಿಲ್ವಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಇಲ್ಲಿ ಬಿಚ್ಚಿದ್ರೆ ಎಲ್ಲಾ ವಾಪಸ್ ಬರುತ್ತೆ. ಅಲ್ಲಿ ಬರುತ್ತಾ?"

ಕವನ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿದಳು. "ನಾಳೆ ಭಾನುವಾರ. ಭದ್ರಾವತಿ ಬಸ್ ಹತ್ತೋಣ. ವಿಡಿಯೋಗೆ ಅವ್ರೂ ಬೇಕು."

ಬಸ್ಸು ಮಾಚೇನಹಳ್ಳಿ ದಾಟುವಾಗ ಕೃಷ್ಣಪ್ಪ ಇನ್ನೊಂದು ಬದಿಯ ಕಿಟಕಿ ನೋಡಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದರು. ಬಾಗಿಲು ತೆರೆದ ಸಿದ್ದುವನ್ನು ಕಂಡದ್ದೇ ಎಲ್ಲ ಮರೆತುಹೋಯಿತು. ಆ ಹೊಟ್ಟೆ ಅರ್ಧಕ್ಕರ್ಧ ಇಳಿದುಹೋಗಿತ್ತು.

ಸಿದ್ದು ಬನ್ನಿ ಎನ್ನುವಂತೆ ಪಕ್ಕಕ್ಕೆ ಸರಿದ, ಅಷ್ಟೇ. ದೇವರೇ, ಅದಕ್ಕಿಂತ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು! ಕವನಳೇ ಟೀಪಾಯಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಎರಡೂ ಆಟ ವಿವರಿಸಿದಳು. ಸಿದ್ದು ಉಳಿದ ಮೂರು ಬೆರಳಲ್ಲಿ ಮೌಸ್ ಹಿಡಿದ. ತಾತ ಹಾಕಿದ ಬೆಲ್ಟಿನ ಪಕ್ಕ ನಡೆದ. ಸಿಕ್ಕಿಕೊಂಡ.

"ಲೇ ಕಿಟ್ಟ, ಇದು ನಾನೇ ಅಲ್ವೇನೋ!" ಎಂದು ಮನೆಯೇ ಅದುರುವಂತೆ ನಕ್ಕ. ನಗುನಗುತ್ತಲೇ ಅವನ ದನಿ ಒಡೆಯಿತು. "ಬೆರಳು ಹೋದಾಗ ನಾನು ಅಳ್ಲಿಲ್ಲ ಕಣೋ. ಕಿಟ್ಟ ಈಗ ಬರ್ತಾನೆ, ಈಗ ಬರ್ತಾನೆ ಅಂತ ಆಸ್ಪತ್ರೇಲಿ ಹನ್ನೊಂದು ದಿನ ಬಾಗಿಲು ನೋಡ್ಕೊಂಡು ಮಲಗಿದ್ನಲ್ಲ, ಆಗ ಅತ್ತೆ."

ಕೃಷ್ಣಪ್ಪ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ತಪ್ಪಾಯ್ತು ಸಿದ್ದು," ಎಂದವರೇ ಬಿಕ್ಕಿ ಬಿಕ್ಕಿ ಅತ್ತರು. ಮೊಮ್ಮಗಳು ನೋಡುತ್ತಿದ್ದಾಳೆಂಬ ನಾಚಿಕೆಯೂ ಆಗಲಿಲ್ಲ.

"ಆಯ್ತು ಮಾರಾಯ, ಅತ್ತಿದ್ದು ಸಾಕು. ಮೊದ್ಲು ಬೆಲ್ಟ್ ಸರಿಸು. ಪಾಪ, ಅವ್ನು ಇನ್ನೂ ಅಲ್ಲೇ ಸಿಕ್ಕೊಂಡಿದಾನೆ."

ಕೃಷ್ಣಪ್ಪ ಕಣ್ಣೊರೆಸಿಕೊಂಡು ಬೆಲ್ಟನ್ನು ತುಂಡು ತುಂಡಾಗಿ ಕಳಚಿ, ಗೋಡೆಯಿಂದ ಅಷ್ಟು ದೂರಕ್ಕೆ ಮತ್ತೆ ಜೋಡಿಸಿದರು. ಸಿದ್ದು ನಡೆದ. ಈ ಸಲ ಎಲ್ಲೂ ತಾಗದೆ ಆ ತುದಿ ಮುಟ್ಟಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ:

"ವಸಂತಾ, ಅಕ್ಕಿ ಇನ್ನೆರಡು ಪಾವು ಜಾಸ್ತಿ ಹಾಕೇ. ಕಿಟ್ಟ ಬಂದಿದಾನೆ. ಹೊಟ್ಟೆ ಕರಗಿ ನನ್ನ ಅಳತೇನೂ ತಪ್ಪಿಹೋಗಿದೆ."