ಕೆನ್ನೆಯ ಜಿಡ್ಡು

"ಮುಖಕ್ಕೆ ಏನು ಬಳ್ಕೊಳ್ತೀಯಮ್ಮ?" ಚರ್ಮದ ಡಾಕ್ಟರು ಮೂರನೇ ಸಲ ಕೇಳಿದರು.

"ನೀವು ಬರೆದುಕೊಟ್ಟ ಮುಲಾಮು ಬಿಟ್ರೆ ಏನೂ ಇಲ್ಲ!"

"ಮತ್ತೆ ಈ ಜಿಡ್ಡು ಎಲ್ಲಿಂದ ಬಂತು? ರಂಧ್ರ ಮುಚ್ಚಿಕೊಂಡೇ ಇಷ್ಟು ಕಪ್ಪುಚುಕ್ಕೆ, ಮೊಡವೆ ಎದ್ದಿರೋದು."

ಅಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಕದ್ದು ಏನೋ ಹಚ್ಕೊಳ್ತಾಳೆ ಡಾಕ್ಟ್ರೇ. ಬಾಯಿ ಬಿಡಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳಿಂದ ಒಂದು ಮೊಡವೆಯನ್ನೂ ಚಿವುಟದೆ ಕೈ ಕಟ್ಟಿಕೊಂಡು ಕೂತವಳು ನಾನು. ಈಗ ಕಳ್ಳಿಯೂ ನಾನೇ!

"ಬೆಳಿಗ್ಗೆ ಏಳುವಾಗಲೇ ಜಿಡ್ಡಿರುತ್ತಾ?" ಡಾಕ್ಟರು ದನಿ ತಗ್ಗಿಸಿದರು.

"ಹೂಂ," ಎಂದೆ.

ನಮ್ಮ ಜೊತೆ ಬಂದಿದ್ದ, ರಾತ್ರಿ ನನ್ನ ಪಕ್ಕದಲ್ಲೇ ಮಲಗುವ ಅಜ್ಜಿ ಕುರ್ಚಿಯಲ್ಲಿ ಮಿಸುಕಾಡಿದಳು.

"ಮುಲಾಮು ಉರಿಯುತ್ತೆ ಅಂತ ಮಗು ಗೋಳಾಡ್ತಿತ್ತು. ನಿದ್ದೆ ಹತ್ತಿದ ಮೇಲೆ ಅದನ್ನ ಒರೆಸಿ, ದಿನಾ ಚೂರು ಬೆಣ್ಣೆ ಸವರ್ತಿದ್ದೆ."