ಕಡೆಗಣ್ಣಿನ ಕಡಲು

ಶಿರೂರಿನ ಕಡಲ ಬದಿಯಲ್ಲಿ ಬಂಗುಡೆ ಮೀನಿನ ಹಿಂಡನ್ನು ಮೊದಲು ಕಾಣುವ ಹಕ್ಕು ಐತನದು. ಮರಳ ದಿಬ್ಬದ ಮೇಲೆ ನಿಂತು ಅವನು ಹೆಗಲ ಬೈರಾಸು ಬಟ್ಟೆಯನ್ನು ಎತ್ತಿ ಬೀಸುವವರೆಗೆ ಕೈರಂಪಣಿ ಬಲೆಯ ದೋಣಿ ನೀರಿಗಿಳಿಯುತ್ತಿರಲಿಲ್ಲ. ಬಲೆಯ ತುದಿ ಹಿಡಿದು ದಡಕ್ಕೆ ಎಳೆಯಬೇಕಾದ ಗಂಡಸರೆಲ್ಲ ಅಷ್ಟು ಹೊತ್ತು ಬೀಡಿ ಸೇದುತ್ತ ಐತನ ಬೆನ್ನು ನೋಡುತ್ತ ಕೂರುವುದು. ಆ ಊರಲ್ಲಿ ಬೇರೆ ಯಾರ ಬೆನ್ನಿಗೂ ಅಷ್ಟು ಮರ್ಯಾದೆ ಇರಲಿಲ್ಲ.

ಹೇಗೆ ಕಾಣುತ್ತದೆ ಎಂದು ಕೇಳಿದರೆ ಅವನ ಉತ್ತರ ಒಂದೇ. "ಸೀದಾ ಕಂಡ್ರೆ ಬರೀ ನೀರ್. ಬೇರೆಲ್ಲಾದ್ರೂ ಕಾಣ್ತಾ ಇರ್ಕ್. ಆಗ ಬದಿಯಂಗೆ ನೀರ್ ಕಪ್ಪಾತ್ತ್."

ಎರಡು ಸಾವಿರದ ನಾಲ್ಕರ ಸುಮಾರಿಗೆ ಐತನ ಕಣ್ಣಿಗೆ ಬಂದ ಗ್ಲಾಕೋಮಾ ಸರಿಯಾಗಿ ಆ ಕಡೆಗಣ್ಣಿನ ಬದಿಯನ್ನೇ ತಿನ್ನತೊಡಗಿತು. ನಡುವಿನ ನೋಟಕ್ಕೆ ಅದು ಕೈಹಚ್ಚಲಿಲ್ಲವಾದ್ದರಿಂದ ಅವನಿಗೆ ಗೊತ್ತಾದದ್ದು ತಡವಾಗಿ. ಮೊದಲು ಗೊತ್ತಾದದ್ದು ಹೆಂಡತಿ ಪದ್ದುವಿಗೆ.

"ಎಡಬದಿಯಂಗೆ ನಾನ್ ನಿಂತದ್ದೇ ಇವ್ರಿಗೆ ಗೊತ್ತಾತಿಲ್ಲ," ಎಂದು ಅವಳು ಕುಂದಾಪುರದ ಡಾಕ್ಟರಮ್ಮನಿಗೆ ವರದಿ ಒಪ್ಪಿಸಿದಳು. "ಬಲಬದಿಗೆ ಬಂದ್ರೆ ಬಯ್ಯುಕೆ ಮಾತ್ರ ಸಮಾ ಗೊತ್ತಾತ್ತ್."

ಹನಿ ಮದ್ದಿನಲ್ಲಿ ಕಣ್ಣಿನ ಒತ್ತಡ ಇಳಿಯಲಿಲ್ಲ. ಆಪರೇಶನ್ ಎಂದರು. ಕಣ್ಣಿನೊಳಗಿನ ನೀರು ಹೊರಗೆ ಹೋಗುವ ದಾರಿ ಕಟ್ಟಿ, ಒತ್ತಡ ಏರಿ, ನರ ಸಾಯುತ್ತಿದೆ. ರೆಪ್ಪೆಯಡಿ ಒಂದು ಸಣ್ಣ ದಾರಿ ಮಾಡಿ ನೀರು ಬಿಡುತ್ತೇವೆ ಎಂದು ಡಾಕ್ಟರಮ್ಮ ವಿವರಿಸಿದರು.

"ಅಳಿವೆ ಕಡ್ದ್ ಬಿಟ್ಟಾಂಗೆ," ಎಂದ ಐತ. ಹೊಳೆಯ ಬಾಯಿಗೆ ಮರಳು ಕಟ್ಟಿ ನೀರು ಗದ್ದೆಗೆ ಏರಿದಾಗ ಊರವರು ಗುದ್ದಲಿ ಹಿಡಿದು ಹೋಗಿ ಮರಳು ಕಡಿಯುವುದುಂಟು.

"ಹೌದು, ಹಾಗೇ. ಆದ್ರೆ ಕೊಳೆತುಹೋದ ಪೈರು ವಾಪಸ್ ಬರೂದಿಲ್ಲ ಐತಣ್ಣ. ಉಳಿದ ಗದ್ದೆ ಉಳೀತದೆ, ಅಷ್ಟೇ."

ಗದ್ದೆಯ ಮಾತನ್ನು ಐತ ಗದ್ದೆಯಿದ್ದವರಿಗೆ ಬಿಟ್ಟ. ಅವನಿಗೆ ಗದ್ದೆ ಇರಲಿಲ್ಲ.

ಆಪರೇಶನ್ ಮುಗಿಸಿ, ಬಗ್ಗಬಾರದು, ಭಾರ ಎತ್ತಬಾರದು, ಉಪ್ಪುನೀರು ಕಣ್ಣಿಗೆ ತಾಗಬಾರದು ಎಂದು ಹೇಳಿ ಮನೆಗೆ ಕಳಿಸುವಾಗ ಅವನು ಒಂದೇ ಪ್ರಶ್ನೆ ಕೇಳಿದ: "ನಿಂತ್ಕೊಂಬ್ಕೆ ಅಡ್ಡಿ ಇಲ್ಲ ಅಲ್ದಾ?" ನಿಲ್ಲಲು ಅಡ್ಡಿಯಿರಲಿಲ್ಲ.

ಕಣ್ಣಿನ ಆಪರೇಶನ್ ಎಂದರೆ ಕಡಲ ಬದಿಯವರಿಗೆ ಒಂದೇ: ಪೊರೆ ತೆಗೆಯುವುದು. ಕ್ಯಾಂಪಿಗೆ ಹೋಗಿ ಬಂದ ಅಜ್ಜಿಯಂದಿರೆಲ್ಲ ಗೋಡೆಯ ಕ್ಯಾಲೆಂಡರು ಓದಿ ಪಾಸಾದವರು. ಹಾಗಾಗಿ ಐತ ಬಂದ ದಿನ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ತಂದರು.

"ಓದ್ ಕಾಂಬ," ಎಂದ ದೋಣಿ ನಡೆಸುವ ತಾಂಡೇಲ ಚಂದಯ್ಯ.

ಐತ ತಿಥಿ ಓದಿದ, ನಕ್ಷತ್ರ ಓದಿದ, ರಾಹುಕಾಲ ಓದಿದ, ಕೊನೆಗೆ ಅಡಿಯಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಓದಿದ. ಜನರಿಗೆ ತೃಪ್ತಿಯಾಯಿತು. ಇದನ್ನೆಲ್ಲ ಅವನು ಮೊದಲೂ ಓದುತ್ತಿದ್ದನೆಂಬುದು ಯಾರಿಗೂ ನೆನಪಾಗಲಿಲ್ಲ. ನೆನಪಿದ್ದ ಐತ ಹೇಳಲಿಲ್ಲ. ಪದ್ದು ಚಾ ಹಿಡಿದು ಅವನ ಎಡಕ್ಕೆ ನಿಂತಿದ್ದಳು. ತುಂಬ ಹೊತ್ತು ಕಾದು, ಲೋಟವನ್ನು ಬಲಬದಿಗೆ ತಂದಿಟ್ಟಳು.

ಮಳೆ ಕಳೆದು ಬಲೆ ಹಾಕುವ ಕಾಲ ಬಂತು. ಕರಿ ಕನ್ನಡಕ ಹಾಕಿಕೊಂಡು ಐತ ದಿಬ್ಬ ಹತ್ತಿದ. ಬೆನ್ನ ಹಿಂದೆ ಬೀಡಿಯ ವಾಸನೆ ಬಂದಾಗ ಅವನಿಗೆ ಸುಖವೆನಿಸಿತು. ಎದುರಿಗೆ ಮಾತ್ರ ಕಡಲು ಇರಲಿಲ್ಲ. ಊದುಗೊಳವೆಯಲ್ಲಿ ಕಂಡಷ್ಟು ನೀರಿತ್ತು. ಇಡೀ ಕಡಲನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದವನು ಟೇಬಲ್ ಫ್ಯಾನಿನಂತೆ ಕತ್ತು ತಿರುಗಿಸುತ್ತ ನಿಂತ. ಬಲಕ್ಕೆ ಹೋದಾಗ ಎಡ ಇಲ್ಲ, ಎಡಕ್ಕೆ ಬಂದಾಗ ಬಲ ಇಲ್ಲ. ಬೀಡಿಗಳು ಮುಗಿದವು. ಅಷ್ಟರಲ್ಲಿ ತೆಂಕು ಬದಿಯಿಂದ ಬೊಬ್ಬೆ ಕೇಳಿತು. ಪಕ್ಕದೂರಿನವರ ಬಲೆ ತುಂಬಿತ್ತು. ಹಿಂಡು ಐತನ ಎಡಗಡೆಯಲ್ಲೇ ಹಾದುಹೋಗಿತ್ತು.

ಯಾರೂ ಬಯ್ಯಲಿಲ್ಲ. "ಇವತ್ತ್ ಬಿಸ್ಲ್ ಜಾಸ್ತಿ," ಎಂದ ಚಂದಯ್ಯ. ಆಕಾಶದ ತುಂಬ ಮೋಡವಿತ್ತು.

ಬಯ್ದಿದ್ದರೆ ಐತ ಇನ್ನೊಂದು ದಿನ ನಿಲ್ಲುತ್ತಿದ್ದನೇನೋ. ದಿಬ್ಬ ಇಳಿದು ಬಂದು ಬೈರಾಸನ್ನು ಅಳಿಯ ಜಿತೇಂದ್ರನ ಹೆಗಲಿಗೆ ಹಾಕಿದ.

"ಮಾಮ, ಕಣ್ಣ್ ಸಮ ಆಯ್ತಲ್ದಾ?"

"ಇದ್ದದ್ದ್ ಉಳೀತ್. ಹೋದ್ದ್ ಬತ್ತಿಲ್ಲ ಅಂಬ್ರ್."

"ಮತ್ತೆ ಆಪ್ರೇಶನ್ ಎಂತಕ್ಕೆ ಮಾಡ್ಸಿದ್ದ್ ಮಾರಾಯಾ?" ಚಂದಯ್ಯನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಕ್ಯಾಲೆಂಡರ್ ಓದುಕೆ," ಎಂದ ಐತ.

ಹಿಂಡು ಕಾಣುವುದನ್ನು ಜಿತೇಂದ್ರ ಕಲಿತುಕೊಂಡ. ಐತನಿಗೆ ಬಲೆ ಹೆಣೆಯುವ ಕೆಲಸವೂ ಇರಲಿಲ್ಲ, ಬಗ್ಗಬಾರದಲ್ಲ. ದೋಣಿ ಇಳಿಯುವ ಹೊತ್ತಿಗೆ ಅವನು ಬೇಕೆಂದೇ ಪೇಟೆ ಕಡೆ ಹೋಗಿಬಿಡುವನು. ಆದರೆ ಊರಲ್ಲೊಂದು ಮದುವೆಯಿದ್ದು ದೋಣಿಗೆ ರಜೆಯಿದ್ದ ದಿನ, ಊಟ ಬೇಗ ಮುಗಿಸಿ, ಪದ್ದುವನ್ನು ಕರೆದುಕೊಂಡು ದಿಬ್ಬ ಹತ್ತಿ ಕುಳಿತ. ಅವಳು ಅಭ್ಯಾಸವಾದಂತೆ ಬಲಕ್ಕೆ ಬಂದಳು.

"ಅಲ್ಲಲ್ಲ, ಎಡಬದಿಗೆ ಕೂಕೋ."

ಕುಳಿತಳು.

"ಆ ಬದಿಯಂಗೆ ಎಂತ ಇತ್ತ್?"

"ನಾನ್ ಇದ್ದೆ."

"ನಿನ್ನ ಆಚಿಗೆ?"

"ನೀರ್."

"ನೀರ್ ಅಂದ್ರೆ ಎಂತಾ ಬಣ್ಣ, ಮಾರಾಯ್ತಿ?"

ಪದ್ದು ಮೀನು ಮಾರಿ ತಲೆ ನರೆತವಳು. ಬುಟ್ಟಿಗೆ ಬಂದ ಮೇಲಿನ ಮೀನಿನ ಬಣ್ಣವೆಲ್ಲ ಅವಳಿಗೆ ಗೊತ್ತು. ಅದಕ್ಕಿಂತ ಮುಂಚಿನದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಎಲ್ಲಾ ಬದಿಗೂ ಒಂದೇ. ಒಂದ್ ಕಡೆ ಮಾತ್ರ ನೇರ್ಳೆ ಹಣ್ಣಿನ್ ಹಾಂಗೆ ಇತ್ತ್. ಅಲ್ಲಿ ನೀರ್ ನಡುಗ್ತಾ ಇತ್ತಲೆ."

ಐತನ ಕೈ ಹೆಗಲಿಗೆ ಹೋಯಿತು. ಬೈರಾಸು ಜಿತೇಂದ್ರನ ಹತ್ತಿರವಿತ್ತು, ಜಿತೇಂದ್ರ ಮದುವೆಯಲ್ಲಿ ಪಾಯಸ ಬಡಿಸುತ್ತಿದ್ದ. ದಡದಲ್ಲಿ ದೋಣಿ ಕವುಚಿ ಬಿದ್ದಿತ್ತು.

ಅವನು ಮೆಲ್ಲಗೆ ಕತ್ತು ತಿರುಗಿಸಿದ. ಅಡ್ಡವಾಗಬಾರದೆಂದು ಪದ್ದು ಹಿಂದಕ್ಕೆ ವಾಲಿದಳು. ಅವನ ಊದುಗೊಳವೆಯೊಳಗೆ ಕಪ್ಪಿನ ಒಂದು ತುಂಡು ಬಂದು, ಮಿನುಗಿ, ಜಾರಿತು. ಮತ್ತೆ ಹುಡುಕಿದ, ಸಿಗಲಿಲ್ಲ.

"ಹೋಯ್ತಾ?"

"ಇಲ್ಲ, ಈಗ್ಳೂ ಇತ್ತ್. ತೆಂಕಿಗೆ ಹೋತಾ ಇತ್ತ್."

"ಕಾಣ್ತಾ ಇರ್. ಕಂಡದ್ದ್ ಹೇಳ್," ಎಂದು ಐತ ಕನ್ನಡಕ ತೆಗೆದು ಮಡಿಲಲ್ಲಿಟ್ಟು ಕಣ್ಣು ಮುಚ್ಚಿಕೊಂಡ.

ಪದ್ದು ಹೇಳುತ್ತ ಹೋದಳು.