ಹಸಿರು ಬಳೆಯ ಕೈ

ಅಟ್ಟದ ಏಣಿ ಜಾರಿ ಅಂಗೈ ಊರಿ ಬಿದ್ದ ನೀಲವ್ವನಿಗೆ ಅದು ತನ್ನದೇ ಕೈ ಎಂದು ನಂಬಲಾಗಲಿಲ್ಲ. ಮಣಿಕಟ್ಟು ಸೌಟಿನ ಹಾಗೆ ಬಾಗಿತ್ತು. ಊತ ಏರಿ ಹಸಿರು ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು.

ನಾಗನೂರಿನಲ್ಲಿ ಎಲುಬು ಕಟ್ಟುವ ಬಾಳಪ್ಪ ಬಂದು ಬೆರಳು ಮುಟ್ಟಿದ. “ಎಲುಬು ಮುರದೈತಿ. ಬೆರಳು ನೀಲಿಗಟ್ಟ್ಯಾವು. ಮದಲ ಬಳಿ ಒಡೀಬೇಕ್ರಿ ಅಕ್ಕಾ, ಇಲ್ಲಂದ್ರ ಕೈ ಹೋಗತೈತಿ.”

ಅತ್ತೆ ಕಾಶೆವ್ವ ಅಡ್ಡ ನಿಂತಳು. “ಮಗ ಲಡಾಯಿಗೆ ಹೋಗ್ಯಾನ, ಒಂದ ಸುದ್ದಿ ಇಲ್ಲ. ಈಗ ಸೊಸಿ ಬಳಿ ಒಡಿ ಅಂತೀಯೇನು?”

“ಇಲ್ಲಿ ಬಳಿ ಒಡದದ್ದು ಅಲ್ಲಿ ಬಂದೂಕಿನ ಗುಂಡಿಗೆ ಹೆಂಗ ಗೊತ್ತಾಗತೈತ್ರಿ?” ಎಂದ ಬಾಳಪ್ಪ.

“ಅತ್ತಿ, ಬೆರಳು ಅದಾವಂತನೂ ತಿಳಿವಲ್ತು” ಎಂದಳು ನೀಲವ್ವ.

ಗಂಡ ಸತ್ತಂದಿನಿಂದ ಬೋಳಾಗಿದ್ದ ತನ್ನ ಕೈಗಳನ್ನು ಕಾಶೆವ್ವ ನೋಡಿಕೊಂಡಳು. ಒಳಗಿನಿಂದ ಇಕ್ಕಳ ತಂದಳು. ಬಳೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಸಪ್ಪಳ ಕೇಳದಂತೆ, ತಾನೇ ಒಂದೊಂದಾಗಿ ಒಡೆದಳು.

ಬೆರಳುಗಳು ಮೆಲ್ಲಗೆ ಕೆಂಪೇರಿದವು. ಬಾಳಪ್ಪ ಎಲುಬು ಎಳೆದು ಕೂಡಿಸುವಾಗ ನೀಲವ್ವ ಚೀರಿ ಹೊರಳಾಡಿದಳು. ಕಾಶೆವ್ವ ಮಾತ್ರ ಸೊಸೆಯ ಇನ್ನೊಂದು ಕೈಯ ಬಳೆಗಳನ್ನು, ಒಂದೂ ಒಡೆಯದಂತೆ, ಎರಡೂ ಅಂಗೈಗಳಲ್ಲಿ ಮುಚ್ಚಿ ಹಿಡಿದಿದ್ದಳು.